ನಾಲ್ಕನೆಯ ನುಡಿಗಾಗಿ ಲಿನಕ್ಸ್

ಬಿ.ಸಿ.ರೋಡಿನ ಬಸ್ಸು ನಿಲ್ದಾಣದ ಎದುರು ಮಹಡಿ ಹತ್ತಿ ಎಡಕ್ಕೆ ತಿರುಗಿದರೆ ಮೂರನೆಯ ಕೋಣೆಯೇ ಹನೀಫಾಕನ ಕಂಪ್ಯೂಟರ್ ರಿಪೇರಿ ಅಂಗಡಿ. ಮನೆಯವರು ಇಟ್ಟ ಹೆಸರು ಹನೀಫಾ, ಊರಿಗೆಲ್ಲ ಹನೀಫಾಕ. ವಯಸ್ಸು ಐವತ್ತೆಂಟು. ಇಪ್ಪತ್ತೆರಡು ವರ್ಷ ಸೌದಿಯಲ್ಲಿ ಒಂದು ದೊಡ್ಡ ಕಂಪೆನಿಯ ಕಂಪ್ಯೂಟರುಗಳನ್ನು ನೋಡಿಕೊಂಡಿದ್ದು ಊರಿಗೆ ಮರಳಿದವರು. ಗಲ್ಫಿನಿಂದ ಬಂದವರು ಅತ್ತರು ತರುತ್ತಾರೆ, ಕಂಬಳಿ ತರುತ್ತಾರೆ, ಖರ್ಜೂರ ತರುತ್ತಾರೆ. ಇವರು ಅದೆಲ್ಲದರ ಜೊತೆಗೆ ಒಂದು ಹುಚ್ಚನ್ನೂ ತಂದರು. ಯಾವ ಯಂತ್ರದೊಳಗೂ ಅದನ್ನು ಮಾಡಿದ ಕಂಪೆನಿ ತುಂಬಿಸಿ ಕೊಟ್ಟ ತಂತ್ರಾಂಶ ಇರಕೂಡದು. ಅದನ್ನು ಬುಡಸಮೇತ ಕಿತ್ತು, ಯಾರು ಬೇಕಾದರೂ ಒಳಗೆ ಇಣುಕಿ ನೋಡಬಹುದಾದ, ಯಾರಪ್ಪನ ಸ್ವತ್ತೂ ಅಲ್ಲದ ಲಿನಕ್ಸ್ ಹಾಕಬೇಕು. ಇದೇ ಆ ಹುಚ್ಚು.

ಮನೆಯ ಟಿವಿಗೆ ಹಾಕಿದರು. ಈಗ ಹೆಂಡತಿ ಸಬೀಹಾ ಧಾರಾವಾಹಿ ನೋಡಬೇಕೆಂದರೆ ಮೊದಲು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಇನ್ನೂರು ಸಾಲು ಸರಿದುಹೋಗುವ ತನಕ ಕಾಯಬೇಕು. ಅಷ್ಟರಲ್ಲಿ ಧಾರಾವಾಹಿಯ ಅತ್ತೆ ಸೊಸೆಯನ್ನು ಬೈದು ಮುಗಿಸಿರುತ್ತಾಳೆ. ಕೆಳಗಿನ ಚಪ್ಪಲಿ ಅಂಗಡಿಯ ಜತ್ತಪ್ಪ ಒಂದು ದಿನ ವೈಫೈ ಯಾಕೆ ನಿಧಾನ ಎಂದು ಕೇಳಲು ಮಹಡಿ ಹತ್ತಿದ. ಒಂದೂವರೆ ಗಂಟೆ ಸ್ವಾತಂತ್ರ್ಯದ ಬಗ್ಗೆ ಕೇಳಿಸಿಕೊಂಡು, ತಾನು ಬಂದದ್ದು ಯಾಕೆಂಬುದನ್ನೇ ಮರೆತು ಕೆಳಗಿಳಿದ. ಹನೀಫಾಕನಿಗೆ ಇದರಲ್ಲಿ ತಮಾಷೆ ಏನೂ ಕಾಣುವುದಿಲ್ಲ. ಮುಚ್ಚಿಟ್ಟದ್ದೆಲ್ಲ ಮೋಸ, ತೆರೆದಿಟ್ಟದ್ದೆಲ್ಲ ನ್ಯಾಯ ಎಂಬುದು ಅವರ ಲೆಕ್ಕ.

ಇಷ್ಟೆಲ್ಲ ಹೇಳಿದ ಮೇಲೆ ಫಿದಾಳ ಮದುವೆಯ ವಿಷಯವನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಫಿದಾ ಅವರ ಒಬ್ಬಳೇ ಮಗಳು. ಮದುವೆಯ ವಿಡಿಯೋ ಒಂದು ಹಾರ್ಡ್ ಡಿಸ್ಕಿನಲ್ಲಿ ಇತ್ತು. ಹೊಸ ಲಿನಕ್ಸ್ ಹಾಕುವಾಗ, ಯಾವ ಡಿಸ್ಕಿಗೆ ಹಾಕಲಿ ಎಂದು ಯಂತ್ರ ಕೇಳುತ್ತದೆ. ಕೇಳಿತು. ಹನೀಫಾಕ ಚಹಾ ಕುಡಿಯುತ್ತಾ ಒಂದು ಸಾಲು ಕೆಳಗಿನದನ್ನು ಒತ್ತಿದರು. ಚಹಾ ಮುಗಿಯುವಷ್ಟರಲ್ಲಿ ಮದುವೆಯೂ ಮುಗಿದಿತ್ತು. ಅಂದಿನಿಂದ ಆ ಮನೆಯಲ್ಲಿ ಏನನ್ನಾದರೂ ಹಾಳು ಮಾಡುವುದಕ್ಕೆ ‘ಫಿದಾಳ ಮದುವೆ ಮಾಡುವುದು’ ಎಂದೇ ಹೆಸರು. ಸಾರಿಗೆ ಉಪ್ಪು ಹೆಚ್ಚಾದರೂ ಫಿದಾಳ ಮದುವೆ. ಏಳು ವರ್ಷವಾಯಿತು, ಸಬೀಹಾ ತನ್ನ ಫೋನನ್ನು ಗಂಡನ ಕೈಗೆ ಇವತ್ತಿಗೂ ಕೊಟ್ಟಿಲ್ಲ.

ಈ ಸಲದ ರಂಜಾನಿನ ಎರಡನೆಯ ವಾರ ಮೂಡುಬಿದಿರೆಯಿಂದ ಒಂದು ಫೋನು ಬಂತು. ಮಾತಾಡಿದವರು ಅನಂತಮತಿ ಟೀಚರ್. ಎಪ್ಪತ್ತೊಂದು ವರ್ಷ, ಜೈನರ ಹಳೆಯ ಮನೆತನ, ಮೂವತ್ತಾರು ವರ್ಷ ಕನ್ನಡ ಕಲಿಸಿದವರು. ಅವರ ಗಂಡ ನಾಭಿರಾಜರು ತೀರಿಕೊಂಡು ನಾಲ್ಕು ವರ್ಷ. ನಾಭಿರಾಜರು ಬ್ಯಾಂಕಿನಲ್ಲಿದ್ದವರು, ಹೊಸ ಯಂತ್ರ ಕಂಡರೆ ಕೈ ತಡೆಯದ ಜಾತಿ. ಅವರು ತಂದಿಟ್ಟ ಒಂದು ಪೆಟ್ಟಿಗೆ ಮನೆಯಲ್ಲಿತ್ತು. ಹೊಟ್ಟೆಯಲ್ಲಿ ನಾಲ್ಕು ಹಾರ್ಡ್ ಡಿಸ್ಕ್ ಇಟ್ಟುಕೊಂಡು, ಮನೆಯ ವೈಫೈಗೆ ಸೇರಿಕೊಂಡು, ಎಲ್ಲರ ಫೋಟೋ ವಿಡಿಯೋಗಳನ್ನು ಕಾದುಕೊಂಡು ಕೂರುವ ಪೆಟ್ಟಿಗೆ. ಅದನ್ನು ತೆರೆಯಬೇಕಾದರೆ ಕಂಪೆನಿಯ ಜಾಲತಾಣದ ಮೂಲಕವೇ ಹೋಗಬೇಕು. ಕಂಪೆನಿ ಎರಡು ವರ್ಷದ ಹಿಂದೆ ಬಾಗಿಲು ಹಾಕಿತ್ತು. ಕಪಾಟು ನಮ್ಮ ಮನೆಯಲ್ಲಿ, ಬೀಗದ ಕೈ ಓಡಿಹೋದ ಬಡಗಿಯ ಜೇಬಿನಲ್ಲಿ ಎಂಬ ಸ್ಥಿತಿ. ಹನೀಫಾಕ ಇಂಥದ್ದೊಂದು ಅನ್ಯಾಯಕ್ಕಾಗಿಯೇ ಕಾದಿದ್ದರು.

ಆದರೆ ಟೀಚರಿಗೆ ಬೇಕಾದದ್ದು ನ್ಯಾಯ ಅಲ್ಲ, ಹಾಡು. ಅವರ ಮನೆತನಕ್ಕೆ ಸೇರಿದ ಒಂದು ಚಿಕ್ಕ ಬಸದಿ ಮನೆಯ ಪಕ್ಕದಲ್ಲೇ ಇದೆ. ಅಲ್ಲಿ ಇಂದ್ರರು, ಅಂದರೆ ಬಸದಿಯ ಅರ್ಚಕರು, ಎತ್ತುವ ಸಂಜೆಯ ಆರತಿಗೆ ಏಳು ನುಡಿಯ ಒಂದು ಹಾಡನ್ನು ಆ ಮನೆಯ ಹೆಂಗಸರೇ ಹೇಳಬೇಕು. ಅತ್ತೆಯಿಂದ ಸೊಸೆಗೆ ಬಾಯಿಂದ ಬಾಯಿಗೆ ಬಂದದ್ದು, ಎಲ್ಲೂ ಬರೆದಿಟ್ಟದ್ದಲ್ಲ. ಅತ್ತೆಯ ಪಕ್ಕ ನಿಂತು ಕೇಳಿ ಕೇಳಿ ಕಲಿತ ಟೀಚರು ಎಷ್ಟೋ ವರ್ಷದಿಂದ ಅದನ್ನು ಹೇಳುತ್ತಿದ್ದರು. ಒಂದು ತಿಂಗಳ ಹಿಂದೆ, ಹತ್ತಿಪ್ಪತ್ತು ಜನರ ಎದುರು, ಮೂರನೆಯ ನುಡಿ ಮುಗಿಸಿ ನಾಲ್ಕನೆಯದಕ್ಕೆ ಬಾಯಿ ತೆರೆದರು. ಮಾತು ಬರಲಿಲ್ಲ. ಇಡೀ ಬಸದಿ ಅವರ ಬಾಯಿಯನ್ನೇ ನೋಡುತ್ತಿತ್ತು.

ಯಾರೂ ಬೈಯಲಿಲ್ಲ, ಅದೇ ದೊಡ್ಡ ಕಷ್ಟ. ಸೊಸೆ ಸಾಧನಾ ಬಹಳ ಮೆತ್ತಗೆ, ಅತ್ತೆ ಇನ್ನು ಸುಮ್ಮನೆ ಕೂತಿರಲಿ, ಆರತಿಗೆ ತಾನು ಫೋನಿನಲ್ಲಿ ಬೇರೆ ಹಾಡು ಹಾಕುತ್ತೇನೆ ಎಂದಳು. ಮಗ ಶ್ರೇಯಾಂಸಕುಮಾರ ಮಂಗಳೂರಿನ ಒಬ್ಬ ಮೆದುಳಿನ ಡಾಕ್ಟರ ಹತ್ತಿರ ಸೋಮವಾರಕ್ಕೆ ಸಮಯ ತೆಗೆದುಕೊಂಡ. ಟೀಚರು ಬೆಳಿಗ್ಗೆ ಎದ್ದು ಹತ್ತೊಂಬತ್ತರ ಮಗ್ಗಿ ಹೇಳಿ ನೋಡುತ್ತಿದ್ದರು, ಸರಿಯಾಗಿ ಬರುತ್ತಿತ್ತು. ಎಂಬತ್ತೆರಡನೆಯ ಇಸವಿಯ ಏಳನೇ ತರಗತಿಯ ಹಾಜರಿ ಹೇಳಿ ನೋಡಿದರು, ಅದೂ ಬಂತು. ನಾಲ್ಕನೆಯ ನುಡಿ ಮಾತ್ರ ಬರಲಿಲ್ಲ. ತನ್ನ ತಲೆ ತನ್ನ ಕೈಬಿಡುತ್ತಿದೆ ಎಂಬ ಹೆದರಿಕೆ ಅವರನ್ನು ಹಿಡಿದುಕೊಂಡಿತು. ಅತ್ತೆ ಸಾಯುವ ಮೊದಲು ನಾಭಿರಾಜರು ಅವರ ಬಾಯಿಂದ ಆ ಹಾಡನ್ನು ಪೂರ್ತಿ ಧ್ವನಿಮುದ್ರಣ ಮಾಡಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಸೋಮವಾರದೊಳಗೆ ಆ ನುಡಿಯನ್ನು ಕೇಳಿ ಬಾಯಿಪಾಠ ಮಾಡಿಬಿಟ್ಟರೆ ತಾನು ಇನ್ನೂ ತಾನೇ ಎಂದು ತೋರಿಸಬಹುದು. ಇಷ್ಟನ್ನೂ ಅವರು ಫೋನಿನಲ್ಲೇ, ಪೂರ್ಣವಿರಾಮ ಅಲ್ಪವಿರಾಮ ಹಾಕಿ ಹೇಳಿದರು.

ಪೆಟ್ಟಿಗೆಯನ್ನು ಬಿ.ಸಿ.ರೋಡಿಗೆ ಕಳಿಸಲು ಅವರು ಒಪ್ಪಲಿಲ್ಲ, ಗಂಡ ಇಟ್ಟ ಜಾಗದಿಂದ ಅದು ಕದಲಬಾರದಂತೆ. ಹನೀಫಾಕ ಬುಧವಾರ ಚೀಲಕ್ಕೆ ಒಂದು ಸಣ್ಣ ಪರದೆ, ಕೀಬೋರ್ಡು, ಪೆನ್‌ಡ್ರೈವು ತುಂಬಿಸಿ ಸಿದ್ಧಕಟ್ಟೆ ಮಾರ್ಗವಾಗಿ ಹೋಗುವ ಬಸ್ಸು ಹಿಡಿದರು. ಹೊರಡುವಾಗ ಸಬೀಹಾ ಬಾಗಿಲಲ್ಲಿ ನಿಂತಿದ್ದಳು.

“ಪಾಪದ ಟೀಚರು. ಅವರದ್ದನ್ನೂ ಫಿದಾಳ ಮದುವೆ ಮಾಡಬೇಡಿ.”

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗೆ ಬೇರೆಯೇ ಸಂಸಾರ ಇತ್ತು. ಬೆಚ್ಚಗಿನ ಜಾಗ ಎಂದು ಇರುವೆಗಳು ಮೊಟ್ಟೆಸಮೇತ ಬಿಡಾರ ಹೂಡಿದ್ದವು. ಹನೀಫಾಕ ಗಾಳಿ ಊದುವ ಯಂತ್ರ ತೆಗೆದರು. ಟೀಚರು ಅವರ ಕೈ ಹಿಡಿಯಲಿಲ್ಲ ಅಷ್ಟೆ, ಬಾಕಿ ಎಲ್ಲ ಮಾಡಿದರು. ಇರುವೆಗಳನ್ನು ನೋಯಿಸಿ ಕೇಳಿದ ಹಾಡು ತನಗೆ ಬೇಡ ಎಂದರು. ಅವು ತಾವಾಗಿ ಹೋಗುವ ತನಕ ಕಾಯುವ, ಅವಕ್ಕೂ ಮಕ್ಕಳುಂಟು ಎಂದರು. ಇಪ್ಪತ್ತೆರಡು ವರ್ಷ ಎಂತೆಂಥ ವೈರಸ್ಸುಗಳನ್ನು ಕೊಂದ ಹನೀಫಾಕ ನಾಲ್ಕು ಇರುವೆಗಳ ಮುಂದೆ ಸೋತು, ಚೀಲ ಹೆಗಲಿಗೇರಿಸಿ ಅದೇ ಬಸ್ಸಿನಲ್ಲಿ ವಾಪಸು ಬಂದರು. ಟೀಚರು ಪೆಟ್ಟಿಗೆಯ ವಯರು ಕಿತ್ತು ಅದನ್ನು ತಣ್ಣಗಾಗಿಸಿ, ಹಿತ್ತಲಿನ ಪಪ್ಪಾಯಿ ಮರದ ಬುಡದಲ್ಲಿ ಒಂದು ಅಚ್ಚು ಬೆಲ್ಲ ಇಟ್ಟರು. ಶನಿವಾರ ಬೆಳಿಗ್ಗೆ ಫೋನು ಬಂತು. ಮನೆ ಖಾಲಿಯಾಗಿದೆ, ಬರಬಹುದು.

ಶನಿವಾರ ಮಧ್ಯಾಹ್ನ ಕೆಲಸ ಶುರುವಾಯಿತು. ಫಿದಾಳ ಮದುವೆಯಿಂದ ಹನೀಫಾಕ ಒಂದು ಪಾಠ ಕಲಿತಿದ್ದರು. ಲಿನಕ್ಸ್ ಹಾಕುವ ಮೊದಲು ಹಳೆಯ ಡಿಸ್ಕುಗಳನ್ನು ಹೊರಗೆ ತೆಗೆದಿಟ್ಟುಬಿಡಬೇಕು. ಆಗ ಯಂತ್ರಕ್ಕೆ ಅಳಿಸಲು ಏನೂ ಸಿಗುವುದಿಲ್ಲ, ಮನುಷ್ಯ ಎಷ್ಟೇ ದಡ್ಡನಾದರೂ. ನಾಲ್ಕನ್ನೂ ಒಂದೊಂದಾಗಿ ಎಳೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಪೆನ್‌ಡ್ರೈವು ಚುಚ್ಚಿದರು. ಹೊಸ ವ್ಯವಸ್ಥೆ ಪೆಟ್ಟಿಗೆಯೊಳಗಿನ ಪುಟ್ಟ ನೆನಪಿನ ಚಿಪ್ಪಿಗೆ ಇಳಿಯತೊಡಗಿತು. ಮೂಡುಬಿದಿರೆಯ ಇಂಟರ್ನೆಟ್ಟು ಆ ದಿನ ಬಹಳ ಆರಾಮದಲ್ಲಿತ್ತು. ಪರದೆಯ ಮೇಲಿನ ಗೀಟು ಹದಿನೇಳು ಶೇಕಡಾದಲ್ಲಿ ನಿಂತರೆ ಅಲ್ಲೇ ಮನೆ ಕಟ್ಟಿಕೊಂಡು ಇರುತ್ತಿತ್ತು.

ಐದೂವರೆಗೆ ಇನ್ನೊಂದು ಸಂಕಟ ಹುಟ್ಟಿತು. ಆ ಮನೆಯಲ್ಲಿ ಸೂರ್ಯ ಮುಳುಗುವ ಮೊದಲು ಊಟ ಮುಗಿಸಬೇಕು, ಮುಳುಗಿದ ಮೇಲೆ ಒಲೆ ಹಚ್ಚುವುದಿಲ್ಲ. ಹನೀಫಾಕನ ಉಪವಾಸವೋ ಸೂರ್ಯ ಮುಳುಗಿದ ಮೇಲೆಯೇ ಬಿಡುವುದು. ಮನೆಗೆ ಬಂದವರಿಗೆ ಊಟ ಹಾಕದೆ ತಾನು ಉಣ್ಣುವುದು ಟೀಚರಿಗೆ ಸಾಧ್ಯವಿಲ್ಲ, ಬಂದವರು ಉಣ್ಣುವ ಹೊತ್ತಿಗೆ ಟೀಚರಿಗೆ ಊಟವಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಒಬ್ಬರಿಗೊಬ್ಬರು ಊಟ ಮಾಡಿ ಎಂದು ಒತ್ತಾಯಿಸಿದರು, ಇಬ್ಬರೂ ಮಾಡಲಿಲ್ಲ. ಕೊನೆಗೆ ಟೀಚರು ಬೆಳಕಿರುವಾಗಲೇ ಅವಲಕ್ಕಿ, ಬಾಳೆಹಣ್ಣು, ಒಂದು ಚೆಂಬು ಎಳನೀರು ಮುಚ್ಚಿಟ್ಟರು. ಸಾಧನಾ ಕರೆದರೂ ತಾವು ಊಟಕ್ಕೆ ಏಳಲಿಲ್ಲ. ಗೀಟು ತೊಂಬತ್ತೆಂಟಕ್ಕೆ ಬಂದಿತ್ತು, ಅದನ್ನು ಬಿಟ್ಟು ಏಳುವುದು ಹೇಗೆ.

ಆರೂ ಕಾಲಿಗೆ ಕೆಲಸ ಮುಗಿಯಿತು. ಇನ್ನು ಡಿಸ್ಕುಗಳನ್ನು ಮೊದಲಿನ ಕ್ರಮದಲ್ಲೇ ಒಳಗೆ ಕೂರಿಸಿ ಪೆಟ್ಟಿಗೆಗೆ ಜೀವ ಕೊಡಬೇಕು. ಮೇಜಿನ ಮೇಲೆ ನೋಡಿದರೆ ಪ್ರತಿಯೊಂದಕ್ಕೂ ಒಂದು ಚೀಟಿ ಅಂಟಿಸಿ, ದುಂಡಗಿನ ಅಕ್ಷರದಲ್ಲಿ ೧, ೨, ೩, ೪ ಎಂದು ಬರೆದಿತ್ತು. ಹನೀಫಾಕನಿಗೆ ಆ ಅಕ್ಷರ ನೋಡಿಯೇ ಗೌರವ ಬಂತು. ಚೀಟಿಯ ಪ್ರಕಾರ ಒಂದರ ನಂತರ ಒಂದು ಕೂರಿಸಿ ಗುಂಡಿ ಒತ್ತಿದರು. ಒತ್ತಿದ ಮೇಲೆ ತಲೆಯಲ್ಲಿ ಏನೋ ಕುಟುಕಿತು.

“ಟೀಚರ್, ಈ ನಂಬ್ರ ಯಾವ ಕಡೆಯಿಂದ ಹಾಕಿದಿರಿ?”

“ಯಾವ ಕಡೆಯಿಂದ ಅಂದರೆ? ಎಡದಿಂದ. ನೀವು ಹಾಕಲಿಲ್ಲ, ಹಾಗಾಗಿ ನಾನು ಹಾಕಿದೆ.”

ಹನೀಫಾಕ ತಮ್ಮ ಬಲಗೈಯನ್ನೇ ನೋಡಿಕೊಂಡರು. ಐದನೇ ವಯಸ್ಸಿನಲ್ಲಿ ಮದರಸದ ಉಸ್ತಾದರು ಅರಬ್ಬಿ ಕಲಿಸಿದ್ದು ಬಲದಿಂದ ಎಡಕ್ಕೆ, ಆಮೇಲೆ ಸೌದಿಯಲ್ಲಿ ಇಪ್ಪತ್ತೆರಡು ವರ್ಷ ನೋಡಿದ್ದೂ ಬಲದಿಂದ ಎಡಕ್ಕೆ. ಸಾಲಾಗಿ ಏನನ್ನು ಇಡಬೇಕಾದರೂ ಅವರ ಕೈ ತಾನಾಗಿ ಬಲದಿಂದಲೇ ಇಡುತ್ತದೆ. ಅವರ ಒಂದನೆಯ ಡಿಸ್ಕು ಟೀಚರ ನಾಲ್ಕನೆಯದು. ಪೆಟ್ಟಿಗೆಯ ಹೊಟ್ಟೆ ಈಗ ಪೂರ್ತಿ ತಿರುಗುಮುರುಗಾಗಿತ್ತು. ಕಂಪೆನಿಯ ಕೈಪಿಡಿಯಲ್ಲಿ ಕೆಂಪು ಅಕ್ಷರದಲ್ಲಿ ಬರೆದದ್ದು ಅವರಿಗೆ ನೆನಪಾಯಿತು. ಡಿಸ್ಕುಗಳ ಕ್ರಮ ಬದಲಾಯಿಸಿದರೆ ಎಲ್ಲವೂ ನಾಶ. ಸಬೀಹಾಳ ಮುಖವೂ ನೆನಪಾಯಿತು. ಆ ಹೊತ್ತಿನಲ್ಲಿ ಅವರಿಗೆ ನಿಜವಾಗಿ ಅಳು ಬಂತು, ಆದರೆ ಎದುರಿಗೆ ಟೀಚರು ಇದ್ದರು.

ಆಗಿದ್ದನ್ನು ಮುಚ್ಚಿಡುವುದು ಅವರಿಗೆ ಗೊತ್ತಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರು. ಟೀಚರು ಕೇಳಿ, ಬಿಳುಚಿಕೊಂಡು, ತಪ್ಪು ನನ್ನದು ಎಂದರು. ಅಲ್ಲ ನನ್ನದು ಎಂದು ಹನೀಫಾಕ ಅಂದರು. ಊಟದ ವಿಷಯದಲ್ಲಿ ಆದ ಹಾಗೆಯೇ ಇದೂ ಎರಡು ಸುತ್ತು ನಡೆಯಿತು. ಅಷ್ಟರಲ್ಲಿ ಪರದೆಯ ಮೇಲೆ ಬಿಳಿ ಸಾಲುಗಳು ಏಳತೊಡಗಿದವು. ಒಂದು ಡಿಸ್ಕು ಸಿಕ್ಕಿತು ಎಂದಿತು. ಎರಡು ಸಿಕ್ಕಿತು. ಮೂರು. ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಪೆಟ್ಟಿಗೆಯೊಳಗೆ ಕಿರ್ರೆಂಬ ಸದ್ದು ಮಾತ್ರ. ಕೊನೆಗೆ ನಾಲ್ಕನೆಯದೂ ಸಿಕ್ಕಿತು, ನಾಲ್ಕೂ ಒಂದೇ ಮನೆಯವು, ಜೋಡಿಸಿದ್ದೇನೆ ಎಂದು ಲಿನಕ್ಸ್ ತಣ್ಣಗೆ ವರದಿ ಕೊಟ್ಟಿತು.

ಪ್ರತಿ ಡಿಸ್ಕಿನ ಹಣೆಯಲ್ಲೂ ತಾನು ಯಾವ ಮನೆಯದ್ದು, ಎಷ್ಟನೆಯ ಮಗ ಎಂದು ಬರೆದಿರುತ್ತದೆ. ಲಿನಕ್ಸ್ ಅದನ್ನು ಓದಿಕೊಳ್ಳುತ್ತದೆ, ಯಾರು ಯಾವ ಮಣೆಯ ಮೇಲೆ ಕೂತಿದ್ದಾರೆ ಎಂದು ನೋಡುವುದಿಲ್ಲ. ಇದು ಹನೀಫಾಕನಿಗೆ ಗೊತ್ತಿದ್ದ ವಿಷಯವೇ, ಜತ್ತಪ್ಪನಿಗೆ ಎರಡು ಸಲ ಹೇಳಿದ್ದರು ಕೂಡಾ. ಹೆದರಿಕೆಯ ಹೊತ್ತಿಗೆ ಮಾತ್ರ ಕೆಂಪು ಅಕ್ಷರವೇ ನೆನಪಿಗೆ ಬಂದಿತ್ತು. ಅವರು ಎದ್ದು ನಿಂತು, ತೆರೆದ ತಂತ್ರಾಂಶದ ಮಹಿಮೆಯ ಬಗ್ಗೆ ಒಂದು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡರು. ಟೀಚರು ಕಿಟಕಿಯ ಕಡೆ ಕೈ ತೋರಿಸಿದರು. ಸೂರ್ಯ ಮುಳುಗಿ ಎರಡು ನಿಮಿಷವಾಗಿತ್ತು. ಲಿನಕ್ಸಿನ ಬಗ್ಗೆ ಆ ಮನೆಯಲ್ಲಿ ಆಮೇಲೆ ಯಾರೂ ಒಂದು ಮಾತೂ ಆಡಲಿಲ್ಲ.

ಹನೀಫಾಕ ಎಳನೀರು ಕುಡಿದು ಉಪವಾಸ ಬಿಟ್ಟು, ಪಡಸಾಲೆಯ ಮೂಲೆಯಲ್ಲಿ ನಮಾಜು ಮುಗಿಸಿ, ಅವಲಕ್ಕಿ ತಿಂದರು. ನಾಳೆ ಬೆಳಗಿನ ತನಕ ಏನೂ ತಿನ್ನಲಾಗದ ಟೀಚರು ಎದುರು ಕೂತು ಬಡಿಸಿದರು. ಏಳು ಗಂಟೆಗೆ ಸಾಧನಾ ಫೋನು, ಸ್ಪೀಕರು ಹಿಡಿದುಕೊಂಡು ಆರತಿಗೆ ಹೋದಳು. ಮನೆಯಲ್ಲಿ ಇವರಿಬ್ಬರೇ ಉಳಿದರು. ‘ಅಮ್ಮ’ ಎಂಬ ಹೆಸರಿನ ಕಡತ ಹುಡುಕಲು ಕಷ್ಟವಾಗಲಿಲ್ಲ.

ಮೊದಲು ಬಂದದ್ದು ನಾಭಿರಾಜರ ಕೆಮ್ಮು. ಟೀಚರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾಲ್ಕು ವರ್ಷದಿಂದ ಅವರು ಆ ಕೆಮ್ಮನ್ನು ಕೇಳಿರಲಿಲ್ಲ. ಆಮೇಲೆ ಮುದುಕಿಯೊಬ್ಬರ ಸಣ್ಣ, ಗಟ್ಟಿ ದನಿ. ಒಂದನೆಯ ನುಡಿ, ಎರಡನೆಯದು, ಮೂರನೆಯದು. ಟೀಚರು ಕಾಗದ, ಪೆನ್ನು ಹಿಡಿದು ಮುಂದಕ್ಕೆ ಬಾಗಿದರು. ಮುದುಕಿ ಉಸಿರು ತೆಗೆದುಕೊಂಡು ನೇರವಾಗಿ ಐದನೆಯ ನುಡಿಗೆ ಹೋದರು. ಏಳನೆಯದು ಮುಗಿದ ಮೇಲೆ ತಾಯಿ ಮಗನ ಮಾತು ಕೇಳಿಸಿತು, ತುಳುವಿನಲ್ಲಿ. ಅಮ್ಮಾ, ನಾಲ್ಕನೆಯದು ಬಿಟ್ಟೆಯಲ್ಲ ಎಂದು ಮಗ ಕೇಳಿದರು. ಬಿಟ್ಟದ್ದಲ್ಲ, ಅಲ್ಲಿ ಗಂಟೆ ಎಂದರು ತಾಯಿ. ಗಂಟೆ ಸರಿ, ಮಾತು ಎಂತ ಎಂದು ಮಗ ಬಿಡದೆ ಕೇಳಿದರು.

“ಮಾತು ನನಗೆ ಗೊತ್ತಿಲ್ಲ ಮಗಾ. ನನ್ನ ಅತ್ತೆಗೂ ಗೊತ್ತಿರಲಿಲ್ಲ. ಅಲ್ಲಿಗೆ ಬರುವಾಗ ಇಂದ್ರರು ಜೋರಾಗಿ ಗಂಟೆ ಬಾರಿಸ್ತಾರೆ, ನಾವು ಬಾಯಿ ಆಡಿಸ್ತೇವೆ. ಅನಂತಮತಿಗೆ ಹೇಳಬೇಡ. ಅವಳು ಟೀಚರು, ಬರೆದು ತೋರಿಸಿ ಅಂತ ಕೂರ್ತಾಳೆ.”

ಆಮೇಲೆ ನಾಭಿರಾಜರ ನಗು. ತಡೆಯಲಾಗದೆ ನಕ್ಕು, ಕೆಮ್ಮಿ, ಮತ್ತೆ ನಕ್ಕ ನಗು. ಅಲ್ಲಿಗೆ ಮುದ್ರಣ ಮುಗಿದಿತ್ತು.

ಟೀಚರು ಪೆನ್ನು ಕೆಳಗಿಟ್ಟರು. ಬಸದಿಯ ಗಂಟೆಯ ನಾಲಿಗೆ ಬಿದ್ದುಹೋಗಿ, ಬೆಸುಗೆ ಹಾಕಿಸಲು ಅದನ್ನು ಬೆಳ್ತಂಗಡಿಗೆ ಕೊಟ್ಟು ಒಂದು ತಿಂಗಳು ದಾಟಿದೆ ಎಂದು ಟೀಚರು ನಿಧಾನವಾಗಿ ಹೇಳಿದರು. ತಮಗೆ ಮಾತು ಬಾರದೆ ಹೋದ ಆ ಸಂಜೆ ಪೂಜೆಯ ಇಂದ್ರರು ಬಾರಿಸಲು ಕೈ ಎತ್ತಿದ್ದೂ, ಗಂಟೆ ಇಲ್ಲದೆ ಕೈ ಇಳಿಸಿದ್ದೂ ಈಗ ಅವರ ಕಣ್ಣಿಗೆ ಕಟ್ಟಿತು. ಅಷ್ಟು ವರ್ಷ ತಾವು ಅಲ್ಲಿ ಹೇಳುತ್ತಿದ್ದದ್ದು ಏನು ಎಂದು ಯೋಚಿಸಿದರು. ಏನೂ ಅಲ್ಲ. ಗಂಟೆಯ ಸದ್ದಿನಲ್ಲಿ ಅತ್ತೆಯ ತುಟಿ ಆಡಿದ ಹಾಗೆ ಅವರ ತುಟಿಯೂ ಆಡುತ್ತಿತ್ತು, ಹೇಳುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು.

“ಹಾಗಾದರೆ ನಾನು ಮರೆತದ್ದಲ್ಲ,” ಎಂದರು.

“ಅಲ್ಲ ಟೀಚರ್. ಇಲ್ಲದ್ದನ್ನು ಮರೆಯುವುದು ಹೇಗೆ.”

ಟೀಚರು ನಗತೊಡಗಿದರು. ನಗುತ್ತಾ ಕಣ್ಣೊರೆಸಿಕೊಂಡರು, ಒರೆಸಿಕೊಳ್ಳುತ್ತಾ ಇನ್ನೂ ನಕ್ಕರು. ಒಂದು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದ ಸಂತೋಷ ಹನೀಫಾಕನಿಗೂ ತಟ್ಟಿತು. ಈಗಲೇ ಶ್ರೇಯಾಂಸಕುಮಾರರಿಗೆ ಫೋನು ಮಾಡುವ, ಸಾಧನಾ ಬಂದ ಕೂಡಲೇ ಕೇಳಿಸುವ, ಡಾಕ್ಟರು ಬೇಡ ಅಂತ ಹೇಳುವ ಎಂದು ಅವರು ಉತ್ಸಾಹದಿಂದ ಎದ್ದರು. ಸತ್ಯ ಸಿಕ್ಕಿದ ಮೇಲೆ ಅದನ್ನು ತೆರೆದಿಡದೆ ಇರುವುದುಂಟೆ.

ಟೀಚರ ನಗು ನಿಂತಿತು. ಪರದೆಯ ಮೇಲಿನ ‘ಅಮ್ಮ’ ಎಂಬ ಹೆಸರನ್ನು ನೋಡುತ್ತಾ ಕೂತರು. ಅತ್ತೆ ಹೋಗಿಯಾಯಿತು, ಆ ಗುಟ್ಟನ್ನು ಹೆಂಡತಿಗೂ ಬಿಟ್ಟುಕೊಡದೆ ಗಂಡನೂ ಹೋಗಿಯಾಯಿತು.

“ಹನೀಫರೇ, ಇದಕ್ಕೊಂದು ಬೀಗ ಹಾಕಲಿಕ್ಕೆ ಆಗ್ತದಾ?”

ಹನೀಫಾಕ ತಬ್ಬಿಬ್ಬಾದರು. ಡಾಕ್ಟರ ವಿಷಯ ಎತ್ತಿದರು. ಡಾಕ್ಟರಲ್ಲಿಗೆ ಹೋಗಿ ಬರುತ್ತೇನೆ, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಬರುತ್ತೇನೆ, ಈಗ ನನಗೆ ಹೆದರಿಕೆ ಇಲ್ಲ ಎಂದರು ಟೀಚರು. ಆದರೆ ಸಾಧನಾಳಿಗೆ ಇದು ತಿಳಿಯಬಾರದು. ಅವಳು ಬಿ.ಎಸ್ಸಿ. ಓದಿದವಳು, ಎಲ್ಲದಕ್ಕೂ ಆಧಾರ ಕೇಳುತ್ತಾಳೆ, ತಮ್ಮ ನಂತರ ಹಾಡಬೇಕಾದವಳು ಅವಳೇ. ಹನೀಫಾಕ ಟೀಚರ ಮುಖ ನೋಡಿದರು. ಕೀಬೋರ್ಡನ್ನು ಹತ್ತಿರ ಎಳೆದುಕೊಂಡರು. ಗುಪ್ತಪದವನ್ನು ಟೀಚರೇ ಒತ್ತಿದರು, ಆಗ ಇವರು ಗೋಡೆಯ ಕಡೆ ತಿರುಗಿ ನಿಂತಿದ್ದರು.

ಟೀಚರು ಕೂಡಲೇ ಇಂದ್ರರಿಗೆ ಫೋನು ಮಾಡಿ, ಗಂಟೆ ರಿಪೇರಿಯಾಯಿತಾ, ನಾಳೆಯೇ ತರಿಸಿ ಎಂದು ಗದರಿದರು. ಫೋನು ಇಡುವಷ್ಟರಲ್ಲಿ ಸಾಧನಾ ಆರತಿ ಮುಗಿಸಿ ಒಳಗೆ ಬಂದಳು. ಬಂದವಳೇ ಅತ್ತೆಯ ಒದ್ದೆ ಕಣ್ಣು ನೋಡಿ ಹೆದರಿ, ಹಾಡು ಸಿಕ್ಕಿತಾ, ನಾಲ್ಕನೆಯ ನುಡಿ ಉಂಟಾ ಎಂದು ಕೇಳಿದಳು.

“ಸಿಕ್ಕಿತು ಮಗಾ. ನಾಲ್ಕನೆಯದನ್ನು ಹೇಗೆ ಹೇಳುವುದು ಅಂತ ನನ್ನ ಅತ್ತೆಯೇ ಹೇಳಿದ್ದಾರೆ,” ಎಂದರು ಟೀಚರು. “ಗಂಟೆ ಬರಲಿ. ಇನ್ನು ನೀನು ನನ್ನ ಪಕ್ಕದಲ್ಲಿ ನಿಂತುಕೋ, ನನ್ನ ಬಾಯಿ ನೋಡಿ ಕಲಿ.”

ಹನೀಫಾಕ ತಲೆ ಎತ್ತದೆ ವಯರು ಸುತ್ತುತ್ತಾ ಇದ್ದರು.